ತೊಳೆಯದೆ ಕೊಟ್ಟ ಗೊಂಬೆಗಳು

ರೈಲ್ವೆಯಿಂದ ನಿವೃತ್ತರಾದ ಮೇಲೆ ನನ್ನ ಗಂಡ ಲೋಹದ ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದರು. ಕಿರುಬೆರಳಷ್ಟು ಎತ್ತರದ ಪೋರ್ಟರು, ಗಾರ್ಡು, ಹೂ ಮಾರುವವಳು. ಒಂದು ಪ್ಲಾಟ್‌ಫಾರ್ಮಿಗೆ ಬೇಕಾದಷ್ಟು ಜನ. ಎರಕದ ಅಂಚನ್ನು ಅರದಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಬಣ್ಣಕ್ಕೆ ತಳವಾಗಿ ಪ್ರೈಮರ್ ಹೊಡೆಯಬೇಕು. ಅಚ್ಚಿಗೆ ಸವರಿದ ಪುಡಿ ಮೈಮೇಲೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಇದನ್ನೆಲ್ಲ ಅವರೇ ನನಗೆ ಹೇಳಿದ್ದರು.

ಕೊನೆಯ ವರ್ಷ, ಕೀಲ್ಪಾಕ್ ಆಸ್ಪತ್ರೆಗೆ ಚಿಕಿತ್ಸೆಗೆ ಹೋಗಿಬಂದ ದಿನ ಅವರಿಗೆ ನಿಲ್ಲಲು ಆಗುತ್ತಿರಲಿಲ್ಲ. "ಎಂಟು ಗೊಂಬೆ ಇದೆ, ತೊಳೆದು ಪ್ರೈಮರ್ ಹೊಡೆದುಕೊಡ್ತೀಯಾ?" ಎಂದರು. ಸೀಸ ಬೆರೆತದ್ದನ್ನು ಪಾತ್ರೆ ತೊಳೆಯುವ ಸಿಂಕಿಗೆ ಹಾಕಲು ನನಗೆ ಅಸಹ್ಯ. ಬಚ್ಚಲಿಗೆ ಒಯ್ದು ತಿಕ್ಕಲು ಸೋಮಾರಿತನ. ಒಣಬಟ್ಟೆಯಲ್ಲಿ ಒರೆಸಿ, ಬಾಲ್ಕನಿಯಲ್ಲಿ ನಿಂತು ಪ್ರೈಮರ್ ಹೊಡೆದೆ.

"ತೊಳೆದೆ ತಾನೆ?"

"ತೊಳೆದೆ ಕಣ್ರೀ. ನಿಮ್ಮ ಪೋರ್ಟರಿಗೆ ಎಣ್ಣೆಸ್ನಾನ ಬೇರೆ ಮಾಡಿಸ್ಲಾ?"

ನಕ್ಕುಬಿಟ್ಟರು.

ಹದಿನೈದು ದಿನ ಕೂತು ಬಣ್ಣ ಹಚ್ಚಿದರು. ಹೂವಿನವಳ ಬುಟ್ಟಿಯಲ್ಲಿ ಮಲ್ಲಿಗೆ, ಕನಕಾಂಬರ ಬೇರೆಬೇರೆ ಕಾಣುತ್ತಿದ್ದವು. ಮುಗಿಸಿ ಅವಳನ್ನು ಎತ್ತಿಕೊಂಡಾಗ ಸೀರೆಯ ಬಣ್ಣ ಪೊರೆಯಂತೆ ಎದ್ದು ಬೆರಳಿಗೆ ಬಂತು. ಗಾರ್ಡನ್ನು ಮುಟ್ಟಿದರು; ಅದೂ ಹಾಗೇ.

"ಪ್ರೈಮರ್ ಪಳಸಾ ಇರುಕ್ಕುಂಪಾ," ಎಂದಳು ಮಗಳು ತಮಿಳಿನಲ್ಲಿ, ಹಳೆಯದಿರಬೇಕು ಎಂದು.

"ಇಲ್ಲಮ್ಮ, ನನ್ನ ಕೈಯೇ ಹೋಯ್ತು. ತೆಳುವಾಗಿ ಹಚ್ಚೋಕೆ ಆಗ್ತಿಲ್ಲ."

ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದೆ. ತಲೆ ಎತ್ತಲಿಲ್ಲ. ಅವರು ಬ್ರಷ್ಷುಗಳನ್ನು ತೊಳೆದು ಡಬ್ಬಿಯಲ್ಲಿಟ್ಟರು, ಮತ್ತೆ ತೆಗೆಯಲಿಲ್ಲ. ಆಮೇಲೆ ಎರಡು ತಿಂಗಳು ಇದ್ದರು. ಕಾಫಿ ಕೊಡುವಾಗ, ಮಾತ್ರೆ ಕೊಡುವಾಗ, ಯಾವಾಗ ಬೇಕಾದರೂ ಹೇಳಬಹುದಿತ್ತು. ಸುಳ್ಳು ಹೇಳಿದೆ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆ. ತಮ್ಮ ಕೈಯ ಮೇಲೆ ಅವರಿಗಿದ್ದ ನಂಬಿಕೆಗಿಂತ ನನ್ನ ಮರ್ಯಾದೆ ದೊಡ್ಡದಾಯಿತು.

ಮೊನ್ನೆ ಮಗಳು ಪಲ್ಲಾವರಂ ಸಂತೆಯಿಂದ ಗಾಜಿನ ಪೆಟ್ಟಿಗೆ ತಂದು ಆ ಎಂಟನ್ನೂ ಜೋಡಿಸಿದಳು. "ಪಾವಂ ಅಪ್ಪಾ, ಕೈ ಹೋದ್ರೂ ಎಷ್ಟು ಕಷ್ಟಪಟ್ಟಿದಾರೆ ನೋಡು," ಎಂದಳು. ಆಗ ಹೇಳಿದೆ. ಅವರ ಕೈಗೆ ಏನೂ ಆಗಿರಲಿಲ್ಲ, ನಾನು ತೊಳೆದಿರಲಿಲ್ಲ ಎಂದೆ.

ಅವಳು ಹೂವಿನವಳನ್ನು ಪೆಟ್ಟಿಗೆಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡಳು. "ಅಪ್ಪನ್ ಹತ್ರ ಹೇಳಿದ್ರೆ ಬೈತಿದ್ರಾಮ್ಮಾ?"

ಬೈಯುತ್ತಿರಲಿಲ್ಲ. ಬಣ್ಣ ಕೆರೆದು, ತೊಳೆದು, ಮೊದಲಿನಿಂದ ಶುರುಮಾಡುತ್ತಿದ್ದರು. ಆ ಎರಡು ತಿಂಗಳು ಅವರು ಗೋಡೆ ನೋಡುತ್ತಾ ಕೂತಿರಬೇಕಾಗಿರಲಿಲ್ಲ.