ಬೀರು ಬ್ರದರ್ ಮತ್ತು ನಡೆಯುವ ಬೂಟುಗಳು

ಕಾಲಿಲ್ಲದೆ ಬೂಟು ನಡೆಯುವುದಿಲ್ಲ ಎಂದು ನಂಬಿದವರು ಆ ನಂಬಿಕೆಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬರಬೇಕು. ಇಲ್ಲಿ ಹೇಳುವುದೆಲ್ಲ ನಡೆದದ್ದು. ಬೂಟಿನ ಸಮೇತ ನಡೆದದ್ದು.

ಸೋಮವಾರ, ಬೆಳಗಿನ ಜಾವ ನಾಲ್ಕಕ್ಕೆ ಹತ್ತು ನಿಮಿಷ ಬಾಕಿ. ಕಥೋಲಿಕ ಸನ್ಯಾಸಿಗಳ ಈ ಮಠದಲ್ಲಿ ಮೊದಲ ಗಂಟೆ ಇನ್ನೂ ಬಾರಿಸಿಲ್ಲ. ಬಟ್ಟೆ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಐವತ್ತೊಂಬತ್ತು ವರ್ಷದ ಬ್ರದರ್ ಒಬ್ಬರು ಒಗೆದ ಹದಿನಾಲ್ಕು ನಿಲುವಂಗಿಗಳನ್ನು ಗೂಟಗಳಿಗೆ ತೂಗುಹಾಕುತ್ತಿದ್ದಾರೆ. ಒಂದೊಂದರ ಅಂಚನ್ನೂ ಬೆರಳಿನಿಂದ ಸವರುತ್ತಾರೆ, ಬಿಚ್ಚಿದ ಹೊಲಿಗೆ ಸಿಕ್ಕರೆ ಗುಂಡುಪಿನ್ನು ಚುಚ್ಚುತ್ತಾರೆ. ಕೆಲಸ ಮುಗಿಸಿ ಕಬ್ಬಿಣದ ಬೀರುವಿನತ್ತ ತಿರುಗಿದವರು ಹಾಗೆಯೇ ನಿಂತುಬಿಡುತ್ತಾರೆ.

ಬೀರುವಿನ ಬುಡದಲ್ಲಿ, ಗೋಡೆಗೆ ಹಿಮ್ಮಡಿ ಕೊಟ್ಟು ಇರಬೇಕಾದ ಒಂದು ಜೊತೆ ಕಪ್ಪು ಬೂಟು, ನೆಲದ ಹಾಸಿನಲ್ಲಿ ಒಂದು ಟೈಲು ಮುಂದೆ ಬಂದಿದೆ. ಮೂತಿ ಬಾಗಿಲ ಕಡೆ.

ಇಲಿಯೇ? ಎರಡು ಬೂಟನ್ನೂ ಸಾಲು ತಪ್ಪದಂತೆ ಎಳೆಯುವಷ್ಟು ಶಿಸ್ತಿನ ಇಲಿ ಈ ಮಠದಲ್ಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ತಿಂಡಿಯವರೆಗೆ ಇಲ್ಲಿ ಮೌನ. ಕೇಳಲಾಗದ ಪ್ರಶ್ನೆ ಹೊಟ್ಟೆಯೊಳಗೆ ಹುಳಿಯಾಗುತ್ತದೆ. ಪ್ರಾರ್ಥನೆಗೆ ಹೊರಟ ಅವರ ಮುಖವೂ ಹಾಗೆಯೇ ಹುಳಿಹುಳಿಯಾಗಿದೆ.

ಮಠದವರೆಲ್ಲ ಇವರನ್ನು ಕರೆಯುವುದು ಬೀರು ಬ್ರದರ್ ಎಂದು. ಫೋನಿನಲ್ಲಿ ಈ ಹೆಸರು ಕೇಳಿ ಬೇರೇನನ್ನೋ ಬಯಸಿ ಬಂದ ಅತಿಥಿಗಳು ನುಸಿಗುಳಿಗೆಯ ವಾಸನೆ ಕುಡಿದು ಹಿಂದಿರುಗಿದ್ದುಂಟು.

ಬೀರುವಿಗೂ ಸನ್ಯಾಸಕ್ಕೂ ಏನು ನಂಟು ಎಂದರೆ, ಸನ್ಯಾಸಿಯಾಗುವುದು ಒಂದು ದಿನದ ಮಾತಲ್ಲ. ಕೆಲವು ತಿಂಗಳು ಅತಿಥಿಯಾಗಿ ಇದ್ದು ನೋಡಬೇಕು. ಆಮೇಲೆ ನಿಲುವಂಗಿ, ತರಬೇತಿ, ಕೆಲವು ವರ್ಷಗಳ ತಾತ್ಕಾಲಿಕ ವ್ರತ. ಎಲ್ಲ ದಾಟಿದವನಿಗೆ ಸಾಯುವವರೆಗಿನ ಕೊನೆಯ ವ್ರತ. ನಿಲುವಂಗಿ ತೊಟ್ಟ ದಿನ ಅವನು ಕಳಚಿದ ಶರ್ಟು, ಪ್ಯಾಂಟು, ಬೂಟು ಇವರ ಸುಪರ್ದಿಗೆ ಬರುತ್ತವೆ. ಮನಸ್ಸು ಬದಲಾಗಿ ಹೊರಟವನು ತನ್ನದೇ ಬಟ್ಟೆಯಲ್ಲಿ ಹೊರಡಬೇಕು ಎನ್ನುವುದು ಬಹಳ ಹಳೆಯ ಕಟ್ಟಳೆ. ಕೊನೆಯ ವ್ರತವಾದ ಮೇಲಷ್ಟೇ ಆ ಗಂಟು ಇಲ್ಲದವರಿಗೆ ದಾನ.

ಮೂವತ್ತು ವರ್ಷಗಳಲ್ಲಿ ಈ ಬೀರುವಿನೊಳಗೆ ಹೋದ ಗಂಟುಗಳು ನಲವತ್ತೇಳು. ದಾನವಾದದ್ದು ಹತ್ತು. ಒಡೆಯರ ಜೊತೆಯಲ್ಲೇ ಹೊರಟುಹೋದದ್ದು ಮೂವತ್ತಾರು. ಈಗ ಉಳಿದಿರುವುದು ಒಂದೇ ಒಂದು.

"ಹೋಗೋರು ಮಧ್ಯಾಹ್ನ ಊಟ ಆಗಿ ಎಲ್ಲರೂ ಮಲಗಿರೋ ಹೊತ್ತಲ್ಲೇ ಬರ್ತಾರೆ," ಎನ್ನುತ್ತಾರೆ ಬೀರು ಬ್ರದರ್. "ನನ್ನ ಮುಖ ನೋಡಲ್ಲ. ಪ್ಯಾಂಟು ಸೊಂಟಕ್ಕೆ ಸರಿಯಾಗಿ ಕೂರ್ತಾ ಅಂತ ಕೇಳ್ತೀನಿ. ಇನ್ನೇನು ಕೇಳೋದು?"

ಮೂವತ್ತಾರು ಸಲ ಸೊಂಟದಳತೆ ಕೇಳಿದವರಿಗೆ ಅನುಮಾನ ಎನ್ನುವುದು ಕಸುಬಾಗಿದೆ. ಬಟ್ಟೆಯನ್ನು ಓದಿಯೇ ಮನಸ್ಸು ಹೇಳುತ್ತಾರೆ. "ಮೊಣಕಾಲು ಸವೆಯೋದು ತಡ ಆದ್ರೆ ನನಗೆ ಡೌಟು. ಮೊಣಕೈ ಬೇಗ ಸವೆದ್ರೆ ಇನ್ನೂ ಡೌಟು. ಕಿಟಕಿಗೆ ಒರಗಿ ರಸ್ತೆ ನೋಡ್ತಾ ಕೂತಿದಾನೆ ಅಂತ ಅರ್ಥ."

ಅವರು ಇಲ್ಲಿಗೆ ಬಂದಾಗ ಇಪ್ಪತ್ತೊಂಬತ್ತು. ಅದಕ್ಕೆ ಮುಂಚೆ ಗಾರ್ಮೆಂಟ್ಸಿನಲ್ಲಿ ದಿನಕ್ಕೆ ಇನ್ನೂರು ಕಾಲರು ಹೊಲಿಯುತ್ತಿದ್ದರು. ಮಗ ಸನ್ಯಾಸಿಯಾದನೆಂದು ಅತ್ತೂ ಕರೆದೂ ಸಾಕಾಗಿದ್ದ ತಾಯಿ ಮೊದಲ ಸಲ ನೋಡಲು ಬಂದವರು, ಕಣ್ಣೀರು ಒರೆಸಿಕೊಳ್ಳಲು ಅವನ ನಿಲುವಂಗಿಯ ಅಂಚನ್ನೇ ಎಳೆದುಕೊಂಡರು. ಅಳು ಅಲ್ಲಿಗೇ ನಿಂತಿತು. "ಯಾರೋ ಇದನ್ನ ಹೊಲಿದೋರು? ಇದೇನು ಹೊಲಿಗೆನಾ, ಹಾವು ಹರಿದಿರೋದಾ? ಇರೋದೇ ಆದ್ರೆ ನೀನೇ ಹೊಲ್ಕೋ!" ಮರುದಿನವೇ ಮಠಾಧ್ಯಕ್ಷರಾದ ದೊಡ್ಡ ಫಾದರ್ ಬಟ್ಟೆ ಕೋಣೆಯ ಕೀಲಿ ಕೊಟ್ಟರು.

ಅಂದಿನಿಂದ ದಿನಕ್ಕೆ ಏಳು ಪ್ರಾರ್ಥನೆ, ಒಂದು ಬಲಿಪೂಜೆ, ಅವುಗಳ ನಡುವೆ ಒಗೆತ, ಇಸ್ತ್ರಿ, ತೇಪೆ. ಈಗ ಬಲಗಣ್ಣಿಗೆ ಪೊರೆ ಬಂದಿದೆ. ಸೂಜಿಯ ಕಣ್ಣು ಅವರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಪ್ರತಿ ಬೆಳಿಗ್ಗೆ ಹತ್ತು ಸೂಜಿಗೆ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಟ್ಟು ಹೋಗುವವರು ಲಿಫ್ಟ್ ಬ್ರದರ್. ಆ ಕಪ್ಪು ಬೂಟು ಅವರದೇ.

ಮೂವತ್ತೆಂಟರ ಈ ಮನುಷ್ಯ ಆರು ವರ್ಷದ ಹಿಂದಿನವರೆಗೆ ಲಿಫ್ಟ್ ರಿಪೇರಿ ಮಾಡುತ್ತಿದ್ದವರು. "ಜನರನ್ನ ಹತ್ತಿಸಿ ಇಳಿಸಿ ಸಾಕಾಯ್ತು, ಒಂದ್ಸಲ ನಾನೇ ಹತ್ತೋಣ ಅಂತ ಬಂದೆ," ಎಂದು ನಗಿಸುತ್ತಾರೆ. ಬರುವ ಭಾನುವಾರ ಅವರಿಗೆ ಕೊನೆಯ ವ್ರತ. ಇಷ್ಟು ದೂರ ಬಂದವರು ಈ ಆರು ವರ್ಷಗಳಲ್ಲಿ ಇವರೊಬ್ಬರೇ. ಬೀರು ಬ್ರದರ್ ಬಾಯಿಬಿಟ್ಟು ಹೇಳಿಲ್ಲ, ಆದರೆ ಕೋಣೆಯ ಕೀಲಿ ಮುಂದೆ ಯಾರ ಕೈಗೆ ಎಂಬುದನ್ನು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದಾರೆ. ಈಗ ನೋಡಿದರೆ ಬೂಟು ಬಾಗಿಲಿಗೆ ಮುಖ ಮಾಡಿದೆ.

ಮಂಗಳವಾರ ಎರಡನೇ ಟೈಲು. ಬುಧವಾರ ಮೂರನೆಯದು. ಗೋಡೆಯಿಂದ ಹೊಸ್ತಿಲಿಗೆ ಇರುವುದು ಏಳೇ ಟೈಲು. ಬೀರು ಬ್ರದರ್ ಬೆರಳು ಮಡಿಸಿ ನೋಡುತ್ತಾರೆ. ಏಳನೆಯದು ಭಾನುವಾರಕ್ಕೆ ಬೀಳುತ್ತದೆ. ಬೂಟನ್ನು ಯಾರೋ ದಿನಕ್ಕಿಷ್ಟು ಮೆಟ್ಟಿ ನೋಡಿ ಹೊರಡುವ ಅಭ್ಯಾಸ ಮಾಡುತ್ತಿದ್ದಾರೆ, ಇನ್ನೇನು! ಲಿಫ್ಟ್ ಬ್ರದರ್ ಸರಿಯಾಗಿ ಉಣ್ಣುತ್ತಿಲ್ಲ. ಅಂಗಳ ಗುಡಿಸುವಾಗ ಸಿಳ್ಳೆಯಿಲ್ಲ. ನಿಲುವಂಗಿಯ ಮೊಣಕೈ ಬೇರೆ ತೆಳ್ಳಗಾಗಿದೆ. ಎಲ್ಲವೂ ತಾಳೆಯಾಗುತ್ತದೆ. ಕೀರ್ತನೆ ಹಾಡುವಾಗ ಬೀರು ಬ್ರದರ್ ಕಣ್ಣು ಪುಸ್ತಕ ಬಿಟ್ಟು ಎದುರು ಸಾಲಿನ ಲಿಫ್ಟ್ ಬ್ರದರ್ ಮೇಲೆ ಹೋಗಿ, ಎಲ್ಲರಿಗಿಂತ ಒಂದು ಸಾಲು ಮುಂದೆ ಹಾಡಿಬಿಡುತ್ತಾರೆ. ದೊಡ್ಡ ಫಾದರ್ ಕೆಮ್ಮುತ್ತಾರೆ.

ಬುಧವಾರ ತಿಂಡಿಯಾದ ಮೇಲೆ ಬೀರು ಬ್ರದರ್ ಅವರನ್ನು ಹಿಡಿದು ಕೇಳಿಯೇಬಿಡುತ್ತಾರೆ.

"ನನಗೇನಾದ್ರೂ ಹೇಳೋದಿದೆಯೇನಪ್ಪಾ?"

"ನಿಮಗೇನಾದ್ರೂ ಹೇಳೋದಿದೆಯಾ ಬ್ರದರ್?"

"ನಂದೇನಿದೆ?"

"ಹಾಗಾದ್ರೆ ನಂದೂ ಏನಿಲ್ಲ."

ಈ ಮಾತುಕತೆಯ ಬಳಿಕ ಅನುಮಾನಕ್ಕೆ ಇನ್ನೆರಡು ಕಾಲು ಹುಟ್ಟುತ್ತವೆ. ಸಂಕಟ ತಡೆಯಲಾರದೆ ಬೀರು ಬ್ರದರ್ ಆ ಸಂಜೆ ಬೂಟಿಗೆ ಮತ್ತೊಮ್ಮೆ ಪಾಲಿಶ್ ಹಾಕುತ್ತಾರೆ.

ಶನಿವಾರ ಮಧ್ಯಾಹ್ನ, ಮಠವೆಲ್ಲ ಅಡ್ಡಾಗಿರುವ ಹೊತ್ತು. ಬೀರು ಬ್ರದರ್ ತೂಗುಹಾಕಿದ ನಿಲುವಂಗಿಗಳ ನಡುವೆ ತಾವೂ ಒಂದು ನಿಲುವಂಗಿಯಾಗಿ ನಿಂತಿದ್ದಾರೆ. ಸೆಕೆ, ಬೆವರು, ಮೂಗಿನೊಳಗೆ ನುಸಿಗುಳಿಗೆ. ಬಾಗಿಲು ಮೆಲ್ಲಗೆ ಸರಿಯುತ್ತದೆ. ಮೊದಲು ಒಳಬರುವುದು ಈರುಳ್ಳಿಯ ವಾಸನೆ, ಅದರ ಹಿಂದೆ ತುದಿಗಾಲಲ್ಲಿ ಎಪ್ಪತ್ತು ವರ್ಷದ ಅಡುಗೆ ಬ್ರದರ್. ಕೈಯಲ್ಲಿದ್ದ ಉದ್ದನೆಯ ಸೌಟಿನಿಂದ ಒಂದು ಬೂಟನ್ನು ಮುಂದಕ್ಕೆ ದೂಡುತ್ತಾರೆ, ಇನ್ನೊಂದನ್ನು ದೂಡಿ ಸಾಲು ಸರಿಮಾಡುತ್ತಾರೆ.

ಬೀರು ಬ್ರದರ್ ನಿಲುವಂಗಿಗಳನ್ನು ಸೀಳಿಕೊಂಡು ಹಾರುತ್ತಾರೆ. ಆದರೆ ಅವರು ಬಾಯಿ ತೆರೆಯುವ ಮೊದಲೇ ಅವರದೇ ದನಿ ಅಡುಗೆ ಬ್ರದರ್ ಗಂಟಲಿನಿಂದ ಬರುತ್ತದೆ, ಅದೇ ಮೂಗು, ಅದೇ ಎಳೆತ: "ಯಾರಪ್ಪಾ ಅದೂ, ನನ್ನ ಬೀರು ಹತ್ರಾ? ನನಗ್ಯಾಕೋ ಡೌಟೂ!"

"ನೀನೇನೋ ಇದು ಮಾಡ್ತಿರೋದು! ಆರು ದಿನದಿಂದ ನನಗೆ ಅನ್ನ ಇಳೀತಿಲ್ಲ!"

"ಅವನಿಗೂ ಇಳೀತಿಲ್ಲ ಕಣಯ್ಯಾ. ಇಬ್ಬರ ತಟ್ಟೆನೂ ತೊಳೆಯೋನು ನಾನು. ನಿನಗೆ ಹೇಳಿದ್ರೆ ನಂಬಲ್ಲ, ಕಣ್ಣಾರೆ ಹಿಡಿದ್ರೇನೇ ನಂಬೋದು. ಬೂಟು ನಡೆಸಿದ್ರೆ ನೀನು ಅಡಗಿ ಕಾಯ್ತೀಯ ಅಂತ ಗೊತ್ತಿತ್ತು, ಅದಕ್ಕೇ ಹಿಡಿಸ್ಕೊಂಡೆ." ಬಾಗಿಲಾಚೆಗೆ ಸೌಟು ಬೀಸುತ್ತಾರೆ. "ಬಾರಪ್ಪಾ ಒಳಗೆ. ನನ್ನ ಹತ್ರ ಈರುಳ್ಳಿ ಹೆಚ್ಚುತ್ತಾ ಅತ್ತಿದ್ದನ್ನ ಇವನ ಹತ್ರ ಹೇಳು. ಈರುಳ್ಳಿ ಮೇಲೆ ಹಾಕ್ಬೇಡ."

ಲಿಫ್ಟ್ ಬ್ರದರ್ ಒಳಬಂದು ನೆಲ ನೋಡುತ್ತ ನಿಲ್ಲುತ್ತಾರೆ. "ಆರು ವರ್ಷದಿಂದ ಪ್ರತಿ ಶನಿವಾರ ನನ್ನ ಬೂಟು ಪಾಲಿಶ್ ಮಾಡ್ತೀರಿ. ಈ ತಿಂಗಳಂತೂ ವಾರಕ್ಕೆರಡು ಸಲ. ಹೊರಡೋ ಬೂಟನ್ನ ಇಷ್ಟು ಹೊಳೆಸ್ತಾ ಇದ್ದಾರೆ ಅಂದ್ರೆ, ನಾನು ಹೊರಟ್ರೇ ವಾಸಿ ಅಂತ ನಿಮಗೆ ಅನ್ನಿಸಿದೆ ಅಂದ್ಕೊಂಡೆ. ಹಿರಿಯರಿಗೆ ಬೇಡವಾದ ಮೇಲೆ ಯಾವ ಮುಖ ಇಟ್ಕೊಂಡು ವ್ರತ ತಗೊಳ್ಳಲಿ? ದೊಡ್ಡ ಫಾದರಿಗೆ ಇವತ್ತು ಹೇಳಿಬಿಡೋಣ ಅಂತಿದ್ದೆ."

ಬೀರು ಬ್ರದರ್ ಬೂಟನ್ನು ನೋಡುತ್ತಾರೆ. ಅದರಲ್ಲಿ ಅವರ ಮುಖವೇ ಕಾಣುತ್ತದೆ, ಬಾಯಿ ತೆರೆದುಕೊಂಡು.

"ಅಯ್ಯೋ ಪುಣ್ಯಾತ್ಮಾ! ಪಾಲಿಶ್ ಹಾಕದಿದ್ರೆ ಚರ್ಮ ಬಿರಿಯುತ್ತೆ! ಹೊರಟೋನು ಅಟ್ಟಿಸಿಕೊಂಡೋನ ಥರ ಕಾಣಬಾರದು ಅಂತ ಎಲ್ಲರ ಬೂಟಿಗೂ ಹಾಕ್ತಿದ್ದೆ. ನೀನು ಹೋಗ್ತೀಯೇನೋ ಅನ್ನೋ ಭಯಕ್ಕೆ ನಿಂದಕ್ಕೆ ಎರಡು ಸಲ!"

"ಹಾಗಾದ್ರೆ ಇನ್ನು ಹಾಕ್ಬೇಡಿ. ನಾಳೆ ವ್ರತ ಮುಗಿದ್ಮೇಲೆ ಯಾರಿಗಾದ್ರೂ ಆಗೋರಿಗೆ ಕೊಟ್ಟುಬಿಡಿ."

"ಕೊಡ್ಲಾ? ನಿಜ?" ಕಸುಬು ಸುಮ್ಮನಿರುವುದಿಲ್ಲ. "ಖಂಡಿತಾ?"

"ಖಂಡಿತಾ."

ಬೀರು ಬ್ರದರ್ ಸ್ಟೂಲಿನ ಮೇಲೆ ಕುಸಿಯುತ್ತಾರೆ. ಒಂದು ಕ್ಷಣ ಮೊಗದ ಮೇಲೆ ಬಂದ ಬೆಳಕು ಮತ್ತೆ ಇಳಿಯುತ್ತದೆ. "ಅಲ್ಲಾ, ಹಾಗಿದ್ರೆ ಆ ಮೂವತ್ತಾರು ಜನ? ಅವರ ಬೂಟಿಗೂ ನಾನೇ ಅಲ್ವೇನೋ ಪಾಲಿಶ್ ಹಾಕಿದ್ದು?"

ಅಡುಗೆ ಬ್ರದರ್ ಸೌಟಿನ ಹಿಡಿಯಿಂದ ತಲೆ ಕೆರೆದುಕೊಳ್ಳುತ್ತಾರೆ.

"ಎಲ್ಲಾ ಕೀರ್ತಿ ನೀನೊಬ್ಬನೇ ಹೊಡ್ಕೋಬೇಡ. ಅರ್ಧ ಜನ ನನ್ನ ಅಡುಗೆಗೆ ಓಡಿದ್ದು."

ಲಿಫ್ಟ್ ಬ್ರದರ್ ತುಟಿ ಕಚ್ಚುತ್ತಾರೆ. ಅಡುಗೆ ಬ್ರದರ್ ಏಪ್ರನ್ನಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಮಹಡಿಯಿಂದ ದೊಡ್ಡ ಫಾದರ್ ಊರುಗೋಲಿನಿಂದ ನೆಲ ಕುಟ್ಟಿ, ಇದೂ ಮೌನದ ಹೊತ್ತು ಎಂದು ಒಮ್ಮೆ ನೆನಪಿಸುತ್ತಾರೆ, ಎರಡನೇ ಸಲ ನೆನಪಿಸುತ್ತಾರೆ. ಬೀರು ಬ್ರದರಿಗೆ ಒಂದೂ ಕೇಳಿಸುವುದಿಲ್ಲ. ಅವರು ಹೊಟ್ಟೆ ಹಿಡಿದುಕೊಂಡು, ಪೊರೆ ಬಂದ ಕಣ್ಣಲ್ಲೂ ಬಾರದ ಕಣ್ಣಲ್ಲೂ ನೀರು ಸುರಿಸುತ್ತ, ಗೂಟದ ಮೇಲಿನ ಹದಿನಾಲ್ಕು ನಿಲುವಂಗಿಗಳೂ ಅಲುಗುವಂತೆ ನಗುತ್ತಿದ್ದಾರೆ.