ಗ್ರಹಚಾರಿಗಳ ನಾಮಕರಣ

ನಮ್ಮ ಪ್ರೆಸ್ಸಿನಲ್ಲಿ ಪುಸ್ತಕ ಮಾಡಿಸುವ ಲೇಖಕರೊಬ್ಬರ ಕಥೆಗಳೆಲ್ಲ ಬೇರೆ ಗ್ರಹಗಳಲ್ಲೇ ನಡೆಯುವುದರಿಂದ ಪ್ರೆಸ್ಸಿನವರು ಅವರನ್ನು ಬೆನ್ನ ಹಿಂದೆ ‘ಗ್ರಹಚಾರಿಗಳು’ ಎನ್ನುತ್ತಾರೆ. ಥಿಯೇಟರಿನಲ್ಲಿ ಒಂದು ವಾರವೂ ಓಡದೆ, ಆಮೇಲೆ ನಾಲ್ಕು ಜನ ಹುಚ್ಚರು ತಲೆಯ ಮೇಲೆ ಹೊತ್ತು ಮೆರೆಸುವಂಥ ಸಿನಿಮಾ ಎಂದರೆ ಅವರಿಗೆ ಪ್ರಾಣ. ರಟ್ಟಿನ ರಾಕೆಟ್ಟು ಅಲ್ಲಾಡಿದಾಗ ನಾವು ಬಿದ್ದು ಬಿದ್ದು ನಕ್ಕರೆ ಅವರು ಕಣ್ಣೊರೆಸಿಕೊಳ್ಳುತ್ತಾರೆ. ಸಿನಿಮಾ ಮುಗಿದರೂ ಏಳುವವರಲ್ಲ. ಪರದೆಯ ಮೇಲೆ ಹರಿಯುವ ಹೆಸರುಗಳನ್ನೆಲ್ಲ ಓದಿ, ಲೈಟ್‌ಮ್ಯಾನ್ ಹೆಸರಿನ ತಲೆಗೆ ದರ್ಜಿಯ ಹೆಸರಿನ ಬಾಲ ಹೊಲಿದು, ತಮ್ಮ ಪಾತ್ರಕ್ಕೊಂದು ಹೊಸ ಹೆಸರು ಮಾಡಿಕೊಂಡೇ ಮನೆಗೆ ಬರುತ್ತಾರೆ. ಬಂದವರೇ ಅಡುಗೆಮನೆಯ ಕಡೆ ತಿರುಗಿ ಕೂಗಬೇಕು: “ಝಿಂಪ್ರಾಕ್! ಹೆಸರು ಹೇಗಿದೆಯೇ?” ಒಳಗಿನಿಂದ ಹೆಂಡತಿಯ ತೀರ್ಪು ಬರುತ್ತಿತ್ತು: “ರೀ, ಕೆಮ್ಮಿನ ಸಿರಪ್ ಹೆಸರಿದ್ದ ಹಾಗಿದೆ ರೀ.” ಅಲ್ಲಿಗೆ ಝಿಂಪ್ರಾಕನ ಆಯುಸ್ಸು ಮುಗಿಯಿತು. ಆಕೆ ತೀರಿಕೊಂಡು ವರ್ಷವಾಯಿತು. ಈಗಲೂ ಇವರು ಕೂಗುತ್ತಾರೆ, ಕಿವಿಗೊಟ್ಟು ಕಾಯುತ್ತಾರೆ, ಆಮೇಲೆ ತಾವೇ ಎದ್ದು ಹೋಗಿ ಅಡುಗೆಮನೆಯ ದೀಪ ಹಾಕಿ ಬರುತ್ತಾರೆ. ಮೊನ್ನೆ ಅವರ ಹೊಸ ಕಾದಂಬರಿಯ ಪ್ರೂಫ್ ನೋಡುತ್ತಿದ್ದ ನಾನು ಹಾಳೆಗಳನ್ನು ಹಿಡಿದು ಅವರ ಮನೆಗೇ ಹೋದೆ. “ಸಾರ್, ರೋಬಾಟ್‌ಗಳಿಗೆಲ್ಲ ಹೆಸರಿದೆ, ಕ್ಯಾಪ್ಟನ್‌ಗೆ ಇಡೋದೇ ಮರ್ತಿದ್ದೀರ. ಭೂಮಿಯಿಂದ ಮಾತಾಡೋ ಹೆಂಗಸು ಅವನನ್ನ ಬರೀ ‘ರೀ’ ಅಂತ ಕರೀತಾಳೆ,” ಎಂದೆ. ಅವರು ಅಡುಗೆಮನೆಯ ಕಡೆ ನೋಡಿದರು. “ಅದೇ ಅವನ ಹೆಸರು ಕಣಪ್ಪ,” ಎಂದರು. “ಅದೊಂದನ್ನ ಮಾತ್ರ ನಾನು ಕಟ್ಟಿದ್ದಲ್ಲ.”