ಬ್ರೇಕಿಗೆ ಹಚ್ಚಿದ ಕೀಲೆಣ್ಣೆ

ಇವತ್ತು ಗ್ಯಾರೇಜೊಂದರ ಮುಂದೆ ಗಾಲಿ ಬಿಚ್ಚಿಟ್ಟ ಹಳೆಯ ಜೀಪು ಕಂಡೆ. ಎರೆಮಣ್ಣಿನ ಹಾದಿಗೆಂದು ಅಪ್ಪ ಕೊಂಡದ್ದೂ ಮಿಲಿಟರಿಯವರು ಬಿಟ್ಟ ಅಂಥದೇ ಜೀಪು. ಜಕ್ಕಲಿಯ ನಮ್ಮ ಅಂಗಳದಲ್ಲಿ ಅದನ್ನು ತಿಂಗಳುಗಟ್ಟಲೆ ರಿಪೇರಿ ಮಾಡಿದ. ಒಮ್ಮೆ ಅವನು ಊಟಕ್ಕೆ ಎದ್ದಾಗ ಅಜ್ಜ, ಬಂಡಿಯ ಅಚ್ಚಿಗೆ ಹಚ್ಚುವಂತೆ, ಬ್ರೇಕಿನೊಳಗೆಲ್ಲ ಕೀಲೆಣ್ಣೆ ಸವರಿದ.

ಮರುದಿನ ಗಜೇಂದ್ರಗಡದ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಅಪ್ಪ ಜೀಪನ್ನು ಹೊಲಕ್ಕೆ ನುಗ್ಗಿಸಿ ನಿಲ್ಲಿಸಿದ. ಪಕ್ಕದಲ್ಲಿ ಕೂತಿದ್ದ ಅವ್ವನ ಕೈ ಮುರಿಯಿತು.

"ನಾ ಎಣ್ಣಿ ಹಚ್ಚಿದ್ದಕ್ಕ ಹಿಂಗಾತೇನು?" ಅಜ್ಜ ಕೇಳಿದ.

"ಇಲ್ಲಪ್ಪ, ಗಾಡೀನ ಹಳೇದು," ಎಂದ ಅಪ್ಪ.

"ಹಂಗಾರ ತಡಿ, ಇನ್ನಷ್ಟು ಹಚ್ಚತೀನಿ," ಎಂದು ಅಜ್ಜ ಕುಡಿಕೆ ತರಲು ಎದ್ದ.

ಅಪ್ಪ ಅವನನ್ನು ತಡೆಯಲಿಲ್ಲ. ವಾರದೊಳಗೆ ಬ್ರೇಕು ಒರೆಸಿ ಜೀಪು ಮಾರಿದ. ಅಜ್ಜನಿಗೆ ನಿಜ ಹೇಳದೆ ಬಿಟ್ಟದ್ದು ಸರಿಯೆಂದು ನನಗೆ ಈಗಲೂ ಹೇಳಲಾಗದು. ಅವ್ವನ ಕೈ ಕೊನೆಯವರೆಗೂ ನೆಟ್ಟಗಾಗಲಿಲ್ಲ.